ನಿದ್ದೆಗೆಟ್ಟಿದ್ದಕ್ಕೆ ಸಿಕ್ಕ ಲಾಭ

ರೀಲ್ಸ್ ತಳ್ಳುತ್ತಾ ತಳ್ಳುತ್ತಾ ರಾತ್ರಿ ಹನ್ನೊಂದೂವರೆ. ಆಕ್ಟೋಪಸ್‌ಗೆ ಮೂರು ಹೃದಯವಂತೆ, ರಕ್ತ ನೀಲಿಯಂತೆ. ಈಜುವಾಗ ಅದರಲ್ಲೊಂದು ಹೃದಯ ಬಡಿಯುವುದನ್ನೇ ನಿಲ್ಲಿಸುತ್ತದಂತೆ. ಒಂದೇ ಒಂದು ಇಟ್ಟುಕೊಂಡು ನಮಗೆ ಇಷ್ಟು ರಗಳೆ!

ಫೋನ್ ಬದಿಗಿಟ್ಟು ಹಳೇ ರೇಡಿಯೊ ತಿರುಗಿಸಿದೆ. ಮೀಡಿಯಂ ವೇವ್‌ನಲ್ಲಿ, ಹಗಲು ಬರೀ ಗೊರಗೊರ ಎನ್ನುವ ಜಾಗದಲ್ಲಿ, ಗೊತ್ತಿಲ್ಲದ ಭಾಷೆಯ ಯಾವುದೋ ಹಾಡು. ಮತ್ತೆ ಫೋನ್ ಎತ್ತಿಕೊಂಡೆ (ಚಟ ಬಿಡುತ್ತದೆಯೇ). ಹಗಲು ಈ ಅಲೆಗಳನ್ನು ನುಂಗುವುದು ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶದ ಕಣಗಳು ತುಂಬಿರುವ ಭಾಗ) ಕೆಳಗಿನ 'ಡಿ' ಪದರ. ಸೂರ್ಯ ಮುಳುಗಿದ ಮೇಲೆ ಅದು ಹೆಚ್ಚುಕಡಿಮೆ ಕರಗಿಹೋಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ, ಪುಟಿದು, ನೂರಾರು ಕಿಲೋಮೀಟರ್ ಆಚೆ ಬಂದಿಳಿಯುತ್ತವೆ. ಅಂದರೆ ಆ ಗಾಯಕಿ ಆಕಾಶ ಮುಟ್ಟಿಕೊಂಡು ನನ್ನ ದಿಂಬಿನ ಪಕ್ಕ ಬಂದಿದ್ದಳು!

ಯಾವ ಸ್ಟೇಷನ್ ಎಂದು ತಿಳಿಯುವ ಮೊದಲೇ ದನಿ ಮಸುಕಾಯಿತು.