ಕೈಲೆಕ್ಕದಲ್ಲಿ ಒಂದು ನರಮಿಡಿತ: ಆರನೇ ವಾರ

ಈ ಭಾನುವಾರ ಲೆಕ್ಕ ಸೊನ್ನೆ ಮಿಲಿವೋಲ್ಟ್ ದಾಟಿತು. ಬೆಳಗ್ಗೆ ಕಾಫಿ ಮುಗಿಸಿ ಕೂತವನು ಊಟದ ಹೊತ್ತಿಗೆ ನಾಲ್ಕೇ ಸಾಲು ಬರೆದಿದ್ದೆ. ಆದರೂ ಖುಷಿ ತಡೆಯಲಾಗಲಿಲ್ಲ.

ಹೊಸದಾಗಿ ಓದುತ್ತಿರುವವರಿಗೆ: ಬ್ರಿಟಿಷ್ ವಿಜ್ಞಾನಿಗಳಾದ ಆಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ 1952ರಲ್ಲಿ ಪ್ರಕಟಿಸಿದ ಸಮೀಕರಣಗಳನ್ನು ಹಿಡಿದು, ನರದಲ್ಲಿ ಓಡುವ ಒಂದೇ ಒಂದು ಮಿಡಿತವನ್ನು ಕಾಗದ, ಪೆನ್ಸಿಲ್, ಸಣ್ಣ ಕ್ಯಾಲ್ಕುಲೇಟರ್‌ನಲ್ಲಿ ಕಟ್ಟುತ್ತಿದ್ದೇನೆ. ಕಂಪ್ಯೂಟರ್‌ಗೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಗೊತ್ತು. ಆದರೆ ಹಕ್ಸ್‌ಲಿ ಹೀಗೇ ಮಾಡಿದ್ದರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ತಿಂಗಳುಗಟ್ಟಲೆ ಸಿಗುವಂತಿರಲಿಲ್ಲ. ಹಿಡಿಕೆ ತಿರುಗಿಸುವ ಬ್ರನ್ಸ್‌ವಿಗ ಯಂತ್ರದಲ್ಲಿ ಒಂದೊಂದೇ ಹೆಜ್ಜೆ ಲೆಕ್ಕ ಹಾಕಿದರು. ಆ ಕೈಗಳಿಗೆ ಏನು ಗೊತ್ತಾಗಿರಬಹುದು ಅನ್ನೋದು ನನಗೆ ಬೇಕಿತ್ತು.

ಮೊದಲ ವಾರವೇ ಎಡವಿದೆ. ನರದ ಒಳಗೆ ಸುಮ್ಮನಿದ್ದಾಗ −65 ಮಿಲಿವೋಲ್ಟ್. ಅದಕ್ಕೆ 10ರಷ್ಟು ತಳ್ಳು ಕೊಟ್ಟು −55ರಿಂದ ಶುರು ಮಾಡೋಣ ಅಂದುಕೊಂಡೆ. ನರದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಬಾಗಿಲು ತೆರೆಯುವ ವೇಗದ ಸೂತ್ರಕ್ಕೆ ಸರಿಯಾಗಿ −55 ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ! ಕ್ಯಾಲ್ಕುಲೇಟರ್ ತಪ್ಪು ಅಂತ ತೋರಿಸಿತು. ಅರ್ಧ ದಿನ ನನ್ನ ಬರವಣಿಗೆಯಲ್ಲೇ ತಪ್ಪು ಹುಡುಕಿದೆ. ಕೊನೆಗೆ −54.99 ಹಾಕಿ ನೋಡಿದಾಗ 0.1ರ ಹತ್ತಿರ ಬಂತು. ಅದೇ ಸರಿಯಾದ ಬೆಲೆ. ಇನ್ನೊಂದು ತೊಡಕು, 1952ರ ಬರಹದಲ್ಲಿ ವೋಲ್ಟೇಜಿನ ಗುರುತು ಇಂದಿನದಕ್ಕೆ ತಿರುವುಮುರುವು. ಮೂಲ ಹಿಡಿದು ಹೊರಡುವವರು ಮೊದಲು ಅದನ್ನು ನೋಡಿಕೊಳ್ಳಿ.

ಎರಡನೇ ವಾರ ಎದೆ ಧಸಕ್ಕೆಂದಿತು. ಪ್ರತಿ ಹೆಜ್ಜೆ 0.1 ಮಿಲಿಸೆಕೆಂಡು. −55ರಿಂದ ಮೇಲೇರಬೇಕಾದ ವೋಲ್ಟೇಜು ಕೆಳಗಿಳಿಯಿತು. −55.7, ಆಮೇಲೆ ಇನ್ನೂ ಕೆಳಗೆ, ಮೂರನೇ ಹೆಜ್ಜೆಗೆ ಸುಮಾರು −56.1. ಮಿಡಿತ ಸತ್ತೇಹೋಯಿತು ಅಂದುಕೊಂಡೆ. ನಾಲ್ಕನೆಯದರಲ್ಲಿ −55.9. ತಿರುಗಿತು!

ಯಾಕೆ ಅಂತ ಸಾಲುಗಳಲ್ಲೇ ಕಾಣುತ್ತದೆ. ಶುರುವಿನಲ್ಲಿ ಪೊರೆ ಪೊಟ್ಯಾಸಿಯಂಗೆ ಬಿಟ್ಟುಕೊಡುವ ದಾರಿ 0.37, ಸೋಡಿಯಂಗೆ 0.01 ಮಾತ್ರ. ಹೊರಗೆ ಹೋಗುತ್ತ ವೋಲ್ಟೇಜು ಇಳಿಸುವ ಪೊಟ್ಯಾಸಿಯಂ, ಒಳಗೆ ಬಂದು ಏರಿಸುವ ಸೋಡಿಯಂ ಮೇಲೆ ಗೆಲ್ಲುತ್ತದೆ. ಆದರೆ ಸೋಡಿಯಂ ಬಾಗಿಲಿನ ಅಳತೆಯನ್ನು ಮೂರು ಸಲ ಗುಣಿಸಬೇಕು, ಅಂದರೆ ಮೂರನೇ ಘಾತ. ಅದು 0.053ರಿಂದ 0.11 ಆದರೆ ದಾರಿ ಎರಡಲ್ಲ, ಒಂಬತ್ತು ಪಟ್ಟು ಅಗಲವಾಗುತ್ತದೆ. ಗ್ರಾಫಿನಲ್ಲಿ ಈ ತಗ್ಗು ಕಣ್ಣಿಗೇ ಬೀಳಲ್ಲ. ಕೈಯಲ್ಲಿ ಬರೆದವನಿಗೆ ಅದು ಒಂದಿಡೀ ಭಾನುವಾರ.

ಎಂಟನೇ ಸಾಲಿಗೆ ಬಂದರೂ −53ರ ಆಸುಪಾಸು. ಆಮೇಲೆ ಹೆಜ್ಜೆ ಹೆಜ್ಜೆಗೂ ಜಿಗಿತ. ಕಡಿದಾದ ಜಾಗದಲ್ಲಿ 0.1 ತುಂಬ ದೊಡ್ಡದು, ಸಂಖ್ಯೆಗಳು ಹುಚ್ಚೆದ್ದು ಓಡಿದವು. ಆ ಪುಟ ಹರಿದು ಹಾಕಿ 0.05ರಲ್ಲಿ ಮತ್ತೆ ಬರೆದೆ. ಐದನೇ ವಾರ ಪೂರ್ತಿ ಅದಕ್ಕೇ ಹೋಯಿತು.

ಸೊನ್ನೆ ದಾಟಿದ್ದಕ್ಕೆ ಇಷ್ಟು ಖುಷಿ ಯಾಕೆ ಅಂದರೆ, ಹಾಜ್ಕಿನ್ ಬದುಕು ತಿರುಗಿದ್ದೂ ಅಲ್ಲೇ. 1939ರ ಬೇಸಿಗೆ, ಪ್ಲಿಮತ್‌ನ ಕಡಲ ಪ್ರಯೋಗಾಲಯ. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುವ ಸ್ಕ್ವಿಡ್ ಜೀವಿಯ ದಪ್ಪ ನರದೊಳಗೆ ಹಾಜ್ಕಿನ್, ಹಕ್ಸ್‌ಲಿ ಇಬ್ಬರೂ ಸಣ್ಣ ಎಲೆಕ್ಟ್ರೋಡ್ ಇಳಿಸಿದರು. ಮಿಡಿತದಲ್ಲಿ ವೋಲ್ಟೇಜು ಸೊನ್ನೆಗೆ ಬಂದು ನಿಲ್ಲುತ್ತದೆ ಅಂತ ಆಗಿನ ನಂಬಿಕೆ. ಅದು ಸೊನ್ನೆ ದಾಟಿ ಎಷ್ಟೋ ಮೇಲೆ ಹೋಯಿತು. ಕೆಲವೇ ವಾರಗಳಲ್ಲಿ ಯುದ್ಧ. ಹಾಜ್ಕಿನ್ ವಿಮಾನದ ರಾಡಾರ್ ಕೆಲಸಕ್ಕೆ ಹೋದರು. ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಅಷ್ಟು ವರ್ಷ ಕಾಯುವುದು ಸಣ್ಣ ಮಾತಾ? 1949ರಲ್ಲಿ ಬರ್ನಾರ್ಡ್ ಕಾಟ್ಜ್ ಜೊತೆ ಸೇರಿ ಅವರು ಉತ್ತರ ಕೊಟ್ಟರು. ಹೊರಗಿನ ನೀರಿನಲ್ಲಿ ಸೋಡಿಯಂ ಕಡಿಮೆ ಮಾಡಿದರೆ ಮಿಡಿತದ ಎತ್ತರ ಕುಗ್ಗುತ್ತದೆ, ಒಳನುಗ್ಗುವುದು ಸೋಡಿಯಂ.

1963ರ ನೊಬೆಲ್ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದಿಡುವುದು ಪೊಟ್ಯಾಸಿಯಂ ಸಾಲಿನ ನಾಲ್ಕನೇ ಘಾತ. ಅಯಾನ್ ಚಾನೆಲ್, ಅಂದರೆ ಪೊರೆಯಲ್ಲಿ ಈ ಬಾಗಿಲುಗಳಿರುವ ದಾರಿ, ಹೇಗಿರುತ್ತದೆ ಅಂತ 1952ರಲ್ಲಿ ಯಾರೂ ನೋಡಿರಲಿಲ್ಲ. ವಕ್ರರೇಖೆ ಹೊಂದಬೇಕು ಅಂತ ನಾಲ್ಕು ಸಲ ಗುಣಿಸಿದರು. 1998ರಲ್ಲಿ ವಿಜ್ಞಾನಿ ರಾಡ್ರಿಕ್ ಮೆಕಿನನ್ ತಂಡ ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲ್‌ನ ರಚನೆ ಬಿಡಿಸಿ ತೋರಿಸಿತು. ನಾಲ್ಕು ಒಂದೇ ತರಹದ ತುಂಡುಗಳು, ನಡುವೆ ದಾರಿ. ಪ್ರತಿ ಸಾಲಿನಲ್ಲೂ ಆ ಗುಣಾಕಾರ ಮಾಡುವಾಗ ಈಗ ನನಗೆ ನಾಲ್ಕು ಕಂಬ ಕಾಣುತ್ತವೆ.

ಮುಂದಿನ ವಾರ ತುದಿ ಮುಟ್ಟಬೇಕು, ಸುಮಾರು +40. ಸೋಡಿಯಂನ ದಾರಿಯನ್ನು ತಡೆಯುವ ಎರಡನೇ ಬಾಗಿಲು ಮುಚ್ಚಿಕೊಳ್ಳಲು ಶುರುವಾಗಿದೆ, 0.6ರ ಹತ್ತಿರ ಇದ್ದದ್ದು ಸಾಲು ಸಾಲಿಗೂ ಕರಗುತ್ತಿದೆ. ಹೊಸ ನೋಟ್‌ಬುಕ್ ತಂದಿದ್ದೇನೆ. ಇಳಿಯುವ ದಾರಿಗೆ ಇನ್ನೂ ಜಾಸ್ತಿ ಪುಟ ಬೇಕು.