ಹೆರ್ಬಾತಾ ಅಂದ್ರೆ ಕಷಾಯ

ಪೋಲೆಂಡಿನ ಕ್ರಾಕೋವ್‌ನಲ್ಲಿ ಜನವರಿ ಅಂದರೆ ನಾಲ್ಕು ಗಂಟೆಗೇ ಕತ್ತಲು. ಆಫೀಸಿನ ಗೆಳತಿ ಒಂದು ಭಾನುವಾರ ತನ್ನ ತಾಯಿಯ ಮನೆಗೆ ಕರೆದುಕೊಂಡು ಹೋಗಿದ್ದಳು. ಕೋಟು ಬಿಚ್ಚುವಷ್ಟರಲ್ಲೇ ಅವರು ಕೇಳಿದ್ದು ಒಂದೇ ಮಾತು: 'ಹೆರ್ಬಾತಾ?' ಅಂದರೆ, ಚಹಾ ಬೇಕೇ ಅಂತ.

ಬಂದದ್ದು ಗಾಜಿನ ಲೋಟದಲ್ಲಿ ಕೆಂಪು ನೀರು, ಮೇಲೊಂದು ನಿಂಬೆಹಣ್ಣಿನ ಬಿಲ್ಲೆ. ನಾನು ಧಾರವಾಡದವಳು, ಹಾಲಿಲ್ಲದ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಸ್ವಲ್ಪ ಹಾಲು ಕೇಳಿದೆ. ಅವರ ಮುಖ ಅರಳಿತು, ಮಗಳಿಗೆ ಏನೋ ಹೇಳಿದರು. ಅವಳು ನಗು ತಡೆದುಕೊಳ್ಳುತ್ತ, 'ಮಗು ಎಷ್ಟು ತಿಂಗಳದ್ದು ಅಂತ ಕೇಳ್ತಿದಾರೆ' ಅಂದಳು.

ಹಾಲು ಹಾಕಿದ ಚಹಾಕ್ಕೆ ಅಲ್ಲಿ ಬೇರೆಯೇ ಹೆಸರು: ಬವಾರ್ಕಾ, ಅಂದರೆ ಜರ್ಮನಿಯ ಬವೇರಿಯಾದ್ದು. ನಮ್ಮಲ್ಲಿ ಬಾಣಂತಿಗೆ ಸಬ್ಬಸಗಿ ತಿನ್ನಿಸುವ ಹಾಗೆ ಅಲ್ಲಿ ಎದೆಹಾಲು ಹೆಚ್ಚಲಿ ಎಂದು ಬವಾರ್ಕಾ ಕುಡಿಸುವುದು ಹಳೆಯ ರೂಢಿ. ಮಗುವೂ ಇಲ್ಲ, ಬಾಣಂತನವೂ ಇಲ್ಲ ಎಂದ ಮೇಲೂ ಹಾಲು ಬಂತು. ಜೊತೆಗೆ ಒಂದು ತಟ್ಟೆ ಬಿಸ್ಕತ್ತು. ಅದರ ಹೆಸರು ಹೆರ್ಬಾತ್ನಿಕ್. ಚಹಾದ ಜೊತೆಯದು ಎಂಬುದೇ ಅದರ ಗುರುತು!

ಈ ಹೆರ್ಬಾತಾ ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿದೆ. ಮೂಲ ಲ್ಯಾಟಿನ್ನಿನ 'ಹೆರ್ಬಾ ಥೆಯಾ'. ಹೆರ್ಬಾ ಎಂದರೆ ಗಿಡಮೂಲಿಕೆ, ಥೆಯಾ ಎಂದರೆ ಚಹಾ. 17ನೇ ಶತಮಾನದಲ್ಲಿ ಈ ಎಲೆ ಪೋಲೆಂಡಿಗೆ ಬಂದದ್ದು ಮದ್ದಿನ ರೂಪದಲ್ಲಿ, ಮದ್ದಿನ ಭಾಷೆ ಆಗ ಲ್ಯಾಟಿನ್. ಇವತ್ತಿಗೂ ಅಂಗಡಿಯಲ್ಲಿ ಪುದೀನ, ಹಣ್ಣುಗಳ ಪೊಟ್ಟಣಗಳ ಮೇಲೂ ಹೆರ್ಬಾತಾ ಅಂತಲೇ ಬರೆದಿರುತ್ತದೆ. ನನ್ನ ಕೇಳಿದರೆ ಇದಕ್ಕೆ ಸರಿಯಾದ ಕನ್ನಡ ಕಷಾಯ. ಎಲ್ಲರಿಗೂ ಈ ಕಷಾಯ ಹಿಡಿಸಿರಲಿಲ್ಲ. 18ನೇ ಶತಮಾನದ ಪಾದ್ರಿ, ಸಸ್ಯಶಾಸ್ತ್ರಜ್ಞ ಕ್ಷಿಶ್ತೋಫ್ ಕ್ಲುಕ್, ಚೀನಾ ತನ್ನ ವಿಷವನ್ನೆಲ್ಲ ಕಳಿಸಿದ್ದರೂ ಈ ಚಹಾದಷ್ಟು ಕೇಡು ಮಾಡಲಾಗುತ್ತಿರಲಿಲ್ಲ ಎಂದು ಬರೆದಿಟ್ಟಿದ್ದಾನೆ.

ನೆರೆಯ ಲಿಥುವೇನಿಯಾದವರು ಅರ್ಬಾತಾ ಅನ್ನುತ್ತಾರೆ, ಬೆಲರೂಸಿನವರು ಹರ್ಬಾತಾ. ಯುರೋಪಿನ ಉಳಿದ ಬಹುಪಾಲು ಭಾಷೆಗಳಲ್ಲಿ ಒಂದೋ 'ಟೀ' ಕುಲದ ಪದ, ಇಲ್ಲವೇ 'ಚಾ' ಕುಲದ್ದು. ಚೀನಾದ ಫುಜಿಯಾನ್ ಕರಾವಳಿಯಲ್ಲಿ ಇದಕ್ಕೆ 'ತೆ' ಎನ್ನುತ್ತಿದ್ದರು, ಅದನ್ನು ಡಚ್ ವ್ಯಾಪಾರಿಗಳು ಸಮುದ್ರದ ಮೇಲೆ ತಂದರು. ಏಷ್ಯಾದ ನೆಲದ ದಾರಿ ಹಿಡಿದು ರಷ್ಯಾಕ್ಕೆ ಹೋದದ್ದು 'ಚಾ'. ಹೆರ್ಬಾತಾದ ಬಾಲದಲ್ಲಿರುವ 'ತಾ' ಆ ಕರಾವಳಿಯದು. ಆದರೆ ನೀರು ಕಾಯಿಸುವ ಕೆಟಲ್‌ಗೆ ಪೋಲಿಷರು ಅನ್ನುವುದು ಚಾಯ್ನಿಕ್, ರಷ್ಯನ್ನಿನಿಂದ ಪಡೆದ ಪದ. ಹೀಗೆ ಒಂದೇ ಅಡುಗೆಮನೆಯಲ್ಲಿ ಎರಡೂ ಕುಲ. ನಮ್ಮಲ್ಲೂ ಧಾರವಾಡದ ಚಹಾ ಬೆಂಗಳೂರು ಮುಟ್ಟುವಷ್ಟರಲ್ಲಿ ಟೀ ಆಗುತ್ತದಲ್ಲ!

ಈಚೆಗೆ ಆಫೀಸಿನಲ್ಲಿ ಒಂದು ಅರ್ಜಿಯ ಗಡುವು ಮುಗಿದುಹೋದಾಗ ಪಕ್ಕದ ಮೇಜಿನವನು 'ಪೊ ಹೆರ್ಬಾಚೆ' ಎಂದು ಲ್ಯಾಪ್‌ಟಾಪ್ ಮುಚ್ಚಿದ. ಪದಶಃ 'ಚಹಾ ಆದಮೇಲೆ'. ಎಲ್ಲಾ ಮುಗಿಯಿತು, ಇನ್ನೇನೂ ಮಾಡುವಂತಿಲ್ಲ ಎಂಬ ಅರ್ಥದಲ್ಲಿ ಹೇಳುತ್ತಾರಂತೆ. ನಮ್ಮ ಕಡೆಯ ಆಫೀಸುಗಳಲ್ಲಿ ಚಹಾ ಆದಮೇಲೇ ಕೆಲಸ ಶುರು ಎಂದೆ. ಅವನು ನಂಬಲಿಲ್ಲ.