‘ನೋವಿದೆಯಾ?’ ಅಂತ ಕೇಳುವುದನ್ನು ಬಿಟ್ಟೆ

ಹುಡುಗ ಗೂಳಿಯ ಮೇಲಿಂದ ಬಿದ್ದು ಹತ್ತು ನಿಮಿಷವೂ ಆಗಿರಲಿಲ್ಲ. ತಾನೇ ಎದ್ದು ನಡೆದು ಬಂದ. ಟೋಪಿಗೆ ಮೆತ್ತಿದ್ದ ಮಣ್ಣು ಕೊಡವಿದ. ‘ಆರಾಮಾ?’ ಅಂದೆ. ‘ಆರಾಮ್, ಡಾಕ್’ ಅಂದ. (ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.) ನಾನು ಮುಂದಿನವನ ಮಣಿಕಟ್ಟಿಗೆ ಟೇಪ್ ಸುತ್ತತೊಡಗಿದೆ. ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಬಂದು ನಿಂತ.

‘ಡಾಕ್, ನನ್ನ ಸರದಿ ಯಾವಾಗ?’

ಸರದಿ ಮುಗಿದಿತ್ತು. ಬಿದ್ದದ್ದೇ ಅವನಿಗೆ ನೆನಪಿರಲಿಲ್ಲ.

ನಾನು ಹಾವೇರಿ ಕಡೆಯವನು. ಟೆಕ್ಸಾಸ್‌ನಲ್ಲಿ ವಾರವಿಡೀ ಕ್ಲಿನಿಕ್ಕಿನಲ್ಲಿ ಮಂಡಿನೋವಿನವರನ್ನು ನೋಡುತ್ತೇನೆ. ಶನಿವಾರ ರಾತ್ರಿ ರೋಡಿಯೋಗಳಲ್ಲಿ (ಗೂಳಿ, ಕುದುರೆ ಸವಾರಿಯ ಪಂದ್ಯಗಳು) ಗೂಳಿ ಸವಾರರಿಗೆ ಟೇಪ್ ಸುತ್ತುತ್ತೇನೆ. ದೀಪಾವಳಿ ಆದ ಮೇಲೆ ಕೊಬ್ಬರಿ ಹೋರಿ ಓಡಿಸುವುದನ್ನು ನೋಡಿ ಬೆಳೆದವನು, ಹೋರಿ ಅಂದ್ರೆ ನನಗೆ ಗೊತ್ತು ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ಯಾರೂ ಅದರ ಬೆನ್ನ ಮೇಲೆ ಹತ್ತುವುದಿಲ್ಲವಲ್ಲ!

ಇಲ್ಲಿ ಹತ್ತುತ್ತಾರೆ. ಗೂಳಿ ಅಂದರೆ ಸುಮಾರು 700 ಕೆ.ಜಿ. ಅದರ ಎದೆಯ ಸುತ್ತ ಒಂದು ಹೆಣೆದ ಹಗ್ಗ. ರಾಳ ಉಜ್ಜಿದ ಗ್ಲೌಸ್ ಹಾಕಿಕೊಂಡು ಒಂದೇ ಕೈಯಲ್ಲಿ ಅದರ ಹಿಡಿ ಹಿಡಿಯಬೇಕು. ಇನ್ನೊಂದು ಕೈ ಗೂಳಿಗೆ ತಾಗಿದರೆ ಔಟ್. 8 ಸೆಕೆಂಡ್ ಕೂತರೆ ಅಂಕ. 100ರಲ್ಲಿ ಅರ್ಧ ಸವಾರನ ಪಾಲು, ಅರ್ಧ ಗೂಳಿಯ ಪಾಲು. ಅಂದರೆ ಸಾಧು ಗೂಳಿ ಸಿಕ್ಕರೆ ಪೂರ್ತಿ ಕೂತೂ ಸೋಲಬಹುದು. ಹಾಗಾಗಿ ಎಲ್ಲರಿಗೂ ಚೆನ್ನಾಗಿ ಒದೆಯುವ ಗೂಳಿಯೇ ಬೇಕು. ಊರಿನಿಂದ ಫೋನ್ ಮಾಡಿದವರು ಮೊದಲು ಕೇಳುವುದು ‘ಬೀಜಕ್ಕೆ ಹಗ್ಗ ಬಿಗೀತಾರಂತೆ, ಹೌದಾ?’ ಅಂತ. ಇಲ್ಲ ಮಾರಾಯರೇ. ಹಿಂಗಾಲಿನ ಮುಂದೆ, ಹೊಟ್ಟೆಯ ಸುತ್ತ ಒಂದು ಮೆದು ಹಗ್ಗ ಕಟ್ಟುತ್ತಾರೆ, ಅಷ್ಟೇ.

ಆ ರಾತ್ರಿ ಹುಡುಗನನ್ನು ಆಸ್ಪತ್ರೆಗೆ ಕಳಿಸಿದೆವು, ಉಳಿದುಕೊಂಡ. ಆದರೆ ಮನೆಗೆ ಬಂದು ನನಗೆ ನಿದ್ದೆ ಹತ್ತಲಿಲ್ಲ. ಅವನು ವಾಪಸ್ ಬಂದು ಆ ಪ್ರಶ್ನೆ ಕೇಳದೇ ಇದ್ದಿದ್ದರೆ? ಕಾರು ಹತ್ತಿ ಹೋಗಿಬಿಡುತ್ತಿದ್ದ.

ಅವನು ಸುಳ್ಳು ಹೇಳಿದ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ. ಇಂಥ ಸಣ್ಣ ರೋಡಿಯೋಗಳಲ್ಲಿ ಸವಾರನಿಗೆ ಸಂಬಳ ಇಲ್ಲ. ಪ್ರವೇಶ ಶುಲ್ಕ ಕೈಯಿಂದ, ಪೆಟ್ರೋಲ್ ಕೈಯಿಂದ. ಏಳೂಮುಕ್ಕಾಲು ಸೆಕೆಂಡಿಗೆ ಬಿದ್ದರೂ ಬರಿಗೈ. ನಾವಾದರೆ ಜ್ವರ ಬಂದರೆ ರಜೆ ಹಾಕುತ್ತೇವೆ. ಇವನು ಯಾರಿಗೆ ರಜೆ ಚೀಟಿ ಬರೆಯಬೇಕು? ‘ನೋವಿದೆಯಾ’ ಅಂತ ನಾನು ಕೇಳಿದರೆ ಅವನ ಕಿವಿಗೆ ಬೀಳುವುದು ‘ಮನೆಗೆ ಹೋಗ್ತೀಯಾ’ ಅಂತ. ಯಾರು ತಾನೇ ಹೂಂ ಅಂತಾರೆ?

ಅದರ ಮೇಲೆ ತಲೆಗೆ ಬಿದ್ದ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಎದೆ, ಬೆನ್ನಿನ ಪೆಟ್ಟಿನ ಪಾಠವನ್ನು ಈ ಆಟ ದುಬಾರಿ ಬೆಲೆಗೆ ಕಲಿತಿದೆ. 1987ರ ವಿಶ್ವ ಚಾಂಪಿಯನ್ ಲೇನ್ ಫ್ರಾಸ್ಟ್ 1989ರ ಜುಲೈನಲ್ಲಿ ವಯೋಮಿಂಗ್ ರಾಜ್ಯದ ಶಾಯೆನ್‌ನಲ್ಲಿ 8 ಸೆಕೆಂಡ್ ಮುಗಿಸಿ ಇಳಿದಿದ್ದ. ಆಮೇಲೆ ಗೂಳಿ ಬೆನ್ನಿಗೆ ಗುದ್ದಿತು, ಸತ್ತ. ಇನ್ನೂ 25 ವರ್ಷ. ಅವನ ಗೆಳೆಯ ಕೋಡಿ ಲ್ಯಾಂಬರ್ಟ್ ಆಮೇಲೆ ರಕ್ಷಣಾ ಜಾಕೆಟ್ ರೂಪಿಸಿದ. ಈಗ ಜಾಕೆಟ್ ಇಲ್ಲದ ಸವಾರನನ್ನು ನಾನು ನೋಡಿಯೇ ಇಲ್ಲ. ಹೆಲ್ಮೆಟ್ ಮಾತ್ರ ಇನ್ನೂ ಜಗ್ಗಾಟದ ವಿಷಯ. ಗೂಳಿ ಸವಾರಿಯ ದೊಡ್ಡ ಸರಣಿಯಾದ ಪ್ರೊಫೆಷನಲ್ ಬುಲ್ ರೈಡರ್ಸ್, ಅಂದರೆ ಪಿಬಿಆರ್‌ನಲ್ಲಿ 1994ರ ಅಕ್ಟೋಬರ್ ಮಧ್ಯದ ನಂತರ ಹುಟ್ಟಿದವರಿಗೆ ಕಡ್ಡಾಯ. ಅದಕ್ಕಿಂತ ಹಿರಿಯರು ಟೋಪಿಯಲ್ಲೇ ಹತ್ತಬಹುದು. ನಮ್ಮ ಶನಿವಾರದ ಹುಡುಗರು ದೊಡ್ಡವರನ್ನು ನೋಡಿ ಟೋಪಿಯನ್ನೇ ಇಷ್ಟಪಡುತ್ತಾರೆ. ನನಗೆ ಇದು ಸುತಾರಾಂ ಹಿಡಿಸುವುದಿಲ್ಲ, ಆದರೆ ತಡೆಯುವ ಅಧಿಕಾರ ನನ್ನ ಕೈಯಲ್ಲಿಲ್ಲ.

ದಾರಿ ತೋರಿಸಿದವನು ಒಬ್ಬ ವಯಸ್ಸಾದ ಬುಲ್‌ಫೈಟರ್. ಸವಾರ ಬಿದ್ದಾಗ ಗೂಳಿಯನ್ನು ತನ್ನ ಕಡೆ ಎಳೆದುಕೊಳ್ಳುವವನು. ಅಲ್ಲಿ ನಿಜವಾಗಿ ಧೈರ್ಯ ಇರುವುದು ಅವನಿಗೇ ಅನ್ನುವುದು ನನ್ನ ಅನಿಸಿಕೆ. ‘ಮೈ ಬಗ್ಗೆ ಕೇಳಬೇಡ. ಇವತ್ತು ರಾತ್ರಿ ಗಾಡಿ ಯಾರು ಓಡಿಸ್ತಾರೆ ಅಂತ ಕೇಳು’ ಅಂದ.

ಮೂರ್ನಾಲ್ಕು ಜನ ಒಂದೇ ಗಾಡಿಯಲ್ಲಿ ರಾತ್ರಿಯೆಲ್ಲ ಓಡಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಯಾವಾಗಲೂ ತಾನೇ ಓಡಿಸುವವನು ಕೀಲಿ ಬೇರೆಯವನಿಗೆ ಕೊಟ್ಟರೆ ಏನೋ ಇದೆ ಅಂತ. ಭುಜ, ತೊಡೆಸಂದು, ಇಲ್ಲವೇ ಕಣ್ಣು ಮಂಜು. ಮುಂದಿನ ಊರು ಯಾವುದು, ಎಷ್ಟು ಗಂಟೆ ದಾರಿ ಅಂತಲೂ ಕೇಳುತ್ತೇನೆ. ತಲೆ ಸರಿ ಇರುವವನು ತಟ್ಟನೆ ಹೇಳುತ್ತಾನೆ. ತಡವರಿಸಿದವನನ್ನು ಕೂರಿಸಿ ಸರಿಯಾಗಿ ಪರೀಕ್ಷೆ ಮಾಡುತ್ತೇನೆ. ಕ್ಲಿನಿಕ್ಕಿನಲ್ಲೂ ಈಗ ‘ಮಂಡಿ ಹೇಗಿದೆ’ ಅನ್ನುವುದಿಲ್ಲ. ‘ನಿನ್ನೆ ತರಕಾರಿ ತರಲು ಯಾರು ಹೋಗಿದ್ದರು’ ಅನ್ನುತ್ತೇನೆ.

ಒಂದೇ ತೊಂದರೆ, ಹುಡುಗರಿಗೆ ನನ್ನ ಉಪಾಯ ಗೊತ್ತಾಗಿಬಿಟ್ಟಿದೆ. ಹೋದ ತಿಂಗಳು ಒಬ್ಬ ಬಾಗಿಲಲ್ಲೇ ನಿಂತು, ನಾನು ಕೇಳುವ ಮೊದಲೇ, ‘ನಾನೇ ಓಡಿಸ್ತೀನಿ ಡಾಕ್’ ಅಂತ ಕೀಲಿ ಅಲ್ಲಾಡಿಸಿದ. ಕೀಲಿ ಎಡಗೈಯಲ್ಲಿತ್ತು. ಅವನು ಹಗ್ಗ ಹಿಡಿಯುವುದು ಬಲಗೈಯಲ್ಲಿ.

‘ಬಲಗೈಯಲ್ಲಿ ಅಲ್ಲಾಡಿಸು ನೋಡೋಣ’ ಅಂದೆ.

ಸುಮ್ನೆ ಬಂದು ಕುರ್ಚಿಯಲ್ಲಿ ಕೂತ.